ಆಫೀಸಿನ ಟೇಬಲ್ ಫೋನ್: ಸುರುಳಿ ವೈರಿನಿಂದ ಬ್ಯುಸಿ ಟೋನ್‌ವರೆಗೆ

ಹುಬ್ಬಳ್ಳಿಯ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ನನ್ನ ಕೆಲಸ. ಹೆಸರಿಗೆ ಅಕೌಂಟ್ಸ್, ಆದರೆ ಕಂಪ್ಯೂಟರ್, ನೆಟ್‌ವರ್ಕ್, ಸಿಸಿಟಿವಿ, ಫೋನ್ ಎಲ್ಲವೂ ಕೊನೆಗೆ ನನ್ನ ಟೇಬಲ್‌ಗೇ ಬರುತ್ತವೆ. ಹೋದ ವರ್ಷ ಹಳೇ ಇಪಿಎಬಿಎಕ್ಸ್ (ಆಫೀಸಿನ ಒಳಗಿನ ಫೋನ್‌ಗಳನ್ನು ಹೊರಗಿನ ಲೈನಿಗೆ ಸೇರಿಸುವ ಪೆಟ್ಟಿಗೆ) ತೆಗೆದು ಇಪ್ಪತ್ತು ಚಿಲ್ಲರೆ ಟೇಬಲ್‌ಗಳಿಗೆ ಕಂಪ್ಯೂಟರ್ ನೆಟ್‌ವರ್ಕ್ ಮೇಲೆ ನಡೆಯುವ ಐಪಿ ಫೋನ್ ಹಾಕಿದೆವು. ಯಾವ ಫೋನ್ ಕೊಳ್ಳಬೇಕು ಅಂತ ಹೇಳುವವರು ಬೇಕಾದಷ್ಟು ಜನ ಸಿಕ್ಕರು. ಅದಕ್ಕೆ ಬೇಕಾದ ಸಣ್ಣಪುಟ್ಟ ಸಾಮಾನು ಹೇಗೆ ತರಿಸಬೇಕು, ತರಿಸಿದ ಮೇಲೆ ಏನೇನು ನೋಡಬೇಕು ಅಂತ ಹೇಳುವವರು ಒಬ್ಬರೂ ಸಿಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಟೇಬಲ್ ಫೋನಿಗೆ ಯಾಕೆ ದುಡ್ಡು ಹಾಕಬೇಕು ಅಂತ ನಮ್ಮ ಸಾಹುಕಾರರು ಮೊದಲೇ ಕೇಳಿದ್ದರು. ನಮ್ಮ ಬಿಲ್ಟಿಯ (ಸರಕು ಸಾಗಣೆ ರಸೀದಿ) ಮೇಲೆ ಅಚ್ಚಾಗಿರುವುದು ಲ್ಯಾಂಡ್‌ಲೈನ್ ನಂಬರ್. ರಾಣೆಬೆನ್ನೂರಿನ ಬೀಜದ ವ್ಯಾಪಾರಿಗಳು, ಬ್ಯಾಡಗಿಯ ಮೆಣಸಿನಕಾಯಿ ದಲಾಲರು ವರ್ಷಗಟ್ಟಲೆಯಿಂದ ಅದೇ ನಂಬರಿಗೆ ಫೋನ್ ಮಾಡುತ್ತಾರೆ. ಬುಕಿಂಗ್ ಗುಮಾಸ್ತರು ರಜೆ ಹಾಕಬಹುದು, ಬುಕಿಂಗ್ ಟೇಬಲ್ ರಜೆ ಹಾಕುವುದಿಲ್ಲ ಅಲ್ವಾ. ಮೊಬೈಲ್ ನಂಬರ್ ಆದರೆ ಸಂಜೆ ಅವರ ಜೊತೆ ಮನೆಗೆ ಹೋಗುತ್ತದೆ, ಕೆಲಸ ಬಿಟ್ಟರೆ ಗಿರಾಕಿಯನ್ನೂ ಕರೆದುಕೊಂಡು ಹೋಗುತ್ತದೆ. ಇದನ್ನು ಹೇಳಿದ ಮೇಲೆ ಅವರು ಒಪ್ಪಿದರು.

ಹಳೇ ಇಪಿಎಬಿಎಕ್ಸ್ ಒಳ್ಳೆಯ ಮಷೀನೇ. ಮಳೆಗಾಲದ ಒಂದು ಸಿಡಿಲಿಗೆ ಅದರ ಎಕ್ಸ್‌ಟೆನ್ಷನ್ ಕಾರ್ಡ್ ಸುಟ್ಟಿತು. ರಿಪೇರಿಯವರು ಬಂದು ನೋಡಿ, "ಈ ಕಾರ್ಡ್ ಈಗ ಬರೂದಿಲ್ರೀ, ಎಲ್ಲಾರ ಹಳೇದು ಸಿಕ್ಕರ ನೋಡೋಣು" ಅಂದರು. ಅದೇ ಹೊತ್ತಿಗೆ ನಮ್ಮ ತಾಮ್ರದ ಲೈನ್‌ಗಳೂ ಫೈಬರ್‌ಗೆ ಬದಲಾಗಿದ್ದವು. ಹೊರಗಿನ ಲೈನ್ ಬದಲಾಗಿದೆ, ಒಳಗಿನ ಪೆಟ್ಟಿಗೆಗೆ ಕಾರ್ಡ್ ಸಿಗುವುದಿಲ್ಲ ಅಂದ ಮೇಲೆ ತೇಪೆ ಹಾಕುವುದಕ್ಕಿಂತ ಹೊಸದಾಗಿ ಮಾಡುವುದೇ ಸರಿ ಅನಿಸಿತು. ಮನಸ್ಸಿಗೆ ಸ್ವಲ್ಪ ಕಷ್ಟವೂ ಆಯಿತು, ಸುಳ್ಳು ಯಾಕೆ ಹೇಳಲಿ. ಬೆಂಗಳೂರಿನ ದೂರವಾಣಿನಗರದಲ್ಲಿ 1948ರಲ್ಲಿ ಶುರುವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ (ಐಟಿಐ) ದೇಶಕ್ಕೆಲ್ಲ ಫೋನ್ ಮಾಡಿಕೊಟ್ಟಿದ್ದು, 1986ರಲ್ಲಿ ಇಲ್ಲೇ ಧಾರವಾಡದ ಆಚೆ ಕಿತ್ತೂರಿನಲ್ಲಿ ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್‌ನವರ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ಕೂತಿದ್ದು, ಇವೆಲ್ಲ ನಮ್ಮ ಕಡೆಯ ಹೆಮ್ಮೆ. ಆ ಕಾಲದ ಫೋನ್ ಬಿಚ್ಚಿದರೆ ಪ್ರತಿ ಭಾಗವೂ ಬೇರೆ ಬೇರೆಯಾಗಿ ಸಿಗುತ್ತಿತ್ತು, ಸ್ಕ್ರೂಡ್ರೈವರ್ ಇದ್ದರೆ ಸಾಕು. ಈಗಿನದರಲ್ಲಿ ನಾವು ಬದಲಾಯಿಸಬಹುದಾದ ಭಾಗಗಳು ನಾಲ್ಕೋ ಐದೋ. ಹಾಗಾಗಿ ಆ ನಾಲ್ಕೈದನ್ನು ಫೋನ್ ಜೊತೆಗೇ, ಒಂದೇ ಬಿಲ್ಲಿನಲ್ಲಿ ತರಿಸಿಬಿಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಫೋನಿನ ಮಾತು ಮುಗಿಸುತ್ತೇನೆ. ಮಾಡೆಲ್ ನಂಬರಿನ ಕೊನೆಯ ಅಂಕಿ ಅಥವಾ ಅಕ್ಷರವನ್ನು ಸುಮ್ನೆ ಬಿಡಬೇಡಿ. ಗ್ರ್ಯಾಂಡ್‌ಸ್ಟ್ರೀಮ್ ಜಿಎಕ್ಸ್‌ಪಿ1620 ಮತ್ತು 1625 ನೋಡೋಕೆ ಒಂದೇ ಥರ, ಆದರೆ ನೆಟ್‌ವರ್ಕ್ ಕೇಬಲ್‌ನಿಂದಲೇ ಕರೆಂಟ್ ತೆಗೆದುಕೊಳ್ಳುವ ಪಿಒಇ ಇರುವುದು 1625ರಲ್ಲಿ ಮಾತ್ರ. ಯೀಲಿಂಕ್ ಟಿ31ರಲ್ಲೂ ಹಾಗೇ, ಕೊನೆಗೆ ಪಿ ಇದ್ದರೆ ಪಿಒಇ ಇದೆ, ಜಿ ಇದ್ದರೆ ಪಿಒಇ ಜೊತೆಗೆ ಗಿಗಾಬಿಟ್ (1000 ಎಂಬಿಪಿಎಸ್) ಪೋರ್ಟ್ ಇದೆ, ಏನೂ ಇಲ್ಲದಿದ್ದರೆ ಅಡಾಪ್ಟರ್ ಬೇಕೇ ಬೇಕು. ಗಿಗಾಬಿಟ್ ಯಾಕೆ ಅಂದರೆ, ಟೇಬಲ್‌ಗೆ ಒಂದೇ ನೆಟ್‌ವರ್ಕ್ ಪಾಯಿಂಟ್ ಇರುವ ಕಡೆ ಕೇಬಲ್ ಮೊದಲು ಫೋನಿಗೆ ಬಂದು, ಫೋನಿನ ಹಿಂದಿರುವ ಎರಡನೇ ಪೋರ್ಟಿನಿಂದ ಕಂಪ್ಯೂಟರ್‌ಗೆ ಹೋಗುತ್ತದೆ. ಫೋನ್ 100 ಎಂಬಿಪಿಎಸ್‌ನದ್ದಾದರೆ ಹಿಂದಿನ ಕಂಪ್ಯೂಟರ್ ಕೂಡ 100ಕ್ಕೆ ಇಳಿಯುತ್ತದೆ. ಬುಕಿಂಗ್ ಟೇಬಲ್‌ಗೆ ಅದು ಧಾರಾಳ ಸಾಕು. ಸರ್ವರ್‌ನಿಂದ ದೊಡ್ಡ ಫೈಲ್ ಎಳೆಯುವ ಅಕೌಂಟ್ಸ್ ಟೇಬಲ್‌ಗಳಿಗೆ ಮಾತ್ರ ಗಿಗಾಬಿಟ್ ಮಾಡೆಲ್ ಹಾಕಿದೆ.

ಒಬ್ಬರು ಸೆಕೆಂಡ್ ಹ್ಯಾಂಡ್ ಸಿಸ್ಕೊ 7940, 7960 ಫೋನ್‌ಗಳನ್ನು ಬಹಳ ಕಮ್ಮಿ ರೇಟಿಗೆ ಕೊಡುತ್ತೇನೆ ಅಂದರು. ಗಟ್ಟಿ ಫೋನ್‌ಗಳು, ಕೈಗೆ ತೂಕ ಚೆನ್ನಾಗಿ ಸಿಗುತ್ತದೆ. ಆದರೆ ಅವು ಪಿಒಇ ಸ್ಟಾಂಡರ್ಡ್ ಬರುವ ಮೊದಲಿನ ಸಿಸ್ಕೊದ ಸ್ವಂತ ಪದ್ಧತಿಯ ಕರೆಂಟನ್ನೇ ಕೇಳುತ್ತವೆ, 2003ರ 802.3ಎಎಫ್ ಸ್ಟಾಂಡರ್ಡ್‌ನ ನೆಟ್‌ವರ್ಕ್ ಸ್ವಿಚ್‌ಗೆ (ಎಲ್ಲ ಕೇಬಲ್‌ಗಳು ಬಂದು ಸೇರುವ ಪೆಟ್ಟಿಗೆ) ಹಾಕಿದರೆ ಏಳುವುದಿಲ್ಲ. ಹಾಗಾಗಿ ಪ್ರತಿ ಫೋನಿಗೂ 48 ವೋಲ್ಟ್ ಅಡಾಪ್ಟರ್ ಬೇರೆ ಹುಡುಕಬೇಕು, ಒಳಗಿನ ಸಾಫ್ಟ್‌ವೇರ್ ಸಿಪ್‌ಗೆ (ಐಪಿ ಫೋನ್‌ಗಳು ಕಾಲ್ ಜೋಡಿಸಲು ಬಳಸುವ ಪದ್ಧತಿ) ಬದಲಾಯಿಸಬೇಕು. ಲೆಕ್ಕ ಹಾಕಿ ನೋಡಿ ಬೇಡ ಅಂದೆ.

ಪಿಒಇ ಬಗ್ಗೆ ಹೇಳಲೇಬೇಕು, ಇಡೀ ಕೆಲಸದಲ್ಲಿ ನನಗೆ ಅತಿ ಜಾಸ್ತಿ ಸಮಾಧಾನ ಕೊಟ್ಟಿದ್ದು ಇದೇ. 802.3ಎಎಫ್ ಸ್ವಿಚ್ ಒಂದು ಪೋರ್ಟಿಗೆ 15.4 ವ್ಯಾಟ್‌ವರೆಗೆ ಕೊಡಬಲ್ಲದು, ಸಾದಾ ಟೇಬಲ್ ಫೋನ್ ತಿನ್ನುವುದು ಬರೀ ಕೆಲವು ವ್ಯಾಟ್. ಸ್ವಿಚ್‌ಗೆ ಒಂದು ಯುಪಿಎಸ್ ಹಾಕಿದರೆ ಆಫೀಸಿನ ಎಲ್ಲ ಫೋನ್‌ಗಳಿಗೂ ಹಾಕಿದ ಹಾಗೆ. ಕರೆಂಟ್ ಹೋಗಿ ಫ್ಯಾನ್ ನಿಂತು ಎಲ್ಲರೂ ರಟ್ಟು ಹಿಡಿದು ಗಾಳಿ ಬೀಸಿಕೊಳ್ಳುತ್ತಿದ್ದರೂ ಬುಕಿಂಗ್ ಫೋನ್ ರಿಂಗ್ ಆಗುತ್ತಿರುತ್ತದೆ. ಸ್ವಿಚ್ ಕೊಳ್ಳುವಾಗ ಅದರ ಮೇಲೆ 802.3ಎಎಫ್ ಅಂತ ಬರೆದಿದೆಯಾ ಅಂತ ನೋಡಿ. ಕ್ಯಾಮೆರಾಗೆ ಅಂತ ಬರುವ ಕೆಲವು ಅಗ್ಗದ ಪೆಟ್ಟಿಗೆಗಳು ಪಿಒಇ ಅಂತ ಹೇಳಿಕೊಂಡರೂ ಕೇಳದೆಯೇ 24 ವೋಲ್ಟ್ ನೂಕುತ್ತಿರುತ್ತವೆ, ಫೋನಿಗೆ ಅದು ಆಗಿಬರುವುದಿಲ್ಲ. ಕೇಬಲ್ ಕೂಡ ಅಪ್ಪಟ ತಾಮ್ರದ್ದೇ ಬೇಕು. ಕೊಪ್ಪಿಕರ್ ರಸ್ತೆಯ ಅಂಗಡಿಯಲ್ಲಿ ಎರಡು ಡಬ್ಬಿ ಕ್ಯಾಟ್6 ನೆಟ್‌ವರ್ಕ್ ಕೇಬಲ್ ಮುಂದಿಟ್ಟರು, ರೇಟಿನಲ್ಲಿ ಭಾರೀ ಫರಕು. ತುದಿಯ ಒಂದು ತಂತಿಯನ್ನು ಬ್ಲೇಡಿನಿಂದ ಕೆರೆದು ನೋಡಿದೆ. ಅಗ್ಗದ್ದರ ಒಳಗೆ ಬೆಳ್ಳಗೆ ಅಲ್ಯುಮಿನಿಯಂ, ಮೇಲೆ ಮಾತ್ರ ತಾಮ್ರದ ಲೇಪ. ಅಂಥದ್ದರಲ್ಲಿ ವೋಲ್ಟೇಜ್ ಜಾಸ್ತಿ ಇಳಿಯುತ್ತದೆ, ಬಿಸಿಯೂ ಆಗುತ್ತದೆ, ನಾಲ್ಕು ಸಲ ಬಗ್ಗಿಸಿದರೆ ಮುರಿಯುತ್ತದೆ. ಅಂಗಡಿಯವರೂ ಪ್ರಾಮಾಣಿಕವಾಗಿ, "ಫೋನಿಗೆ ಕರೆಂಟ್ ಹೋಗೂದಿದ್ರ ಇದನ್ನ ತಗೊಳ್ಳಬ್ಯಾಡ್ರಿ" ಅಂದರು.

ಗೋಡೌನ್ ಆವರಣದ ಆ ತುದಿಯಲ್ಲಿದೆ, ಕೇಬಲ್ 100 ಮೀಟರ್ ದಾಟುತ್ತದೆ. ಈಥರ್ನೆಟ್ ಕೇಬಲ್‌ನ ಮಿತಿಯೇ ಅಷ್ಟು. ಅಲ್ಲಿಗೆ ಫೈಬರ್ ಎಳೆದು ಆ ಕಡೆ ಫೈಬರನ್ನು ಮತ್ತೆ ಈಥರ್ನೆಟ್‌ಗೆ ಬದಲಾಯಿಸುವ ಒಂದು ಮೀಡಿಯಾ ಕನ್ವರ್ಟರ್, ಸಣ್ಣ ಸ್ವಿಚ್ ಇಟ್ಟು ಫೋನನ್ನು ಅಡಾಪ್ಟರ್ ಮೇಲೆ ನಡೆಸಿದೆವು. ಗೋಡೌನ್‌ಗೆ ಪೇಂಟ್ ಹೊಡೆಯಲು ಬಂದವರು ಎಲ್ಲ ಪ್ಲಗ್ ಕಿತ್ತು ವಾಪಸ್ ಹಾಕುವಾಗ ಪಕ್ಕದಲ್ಲಿದ್ದ 12 ವೋಲ್ಟ್ ಅಡಾಪ್ಟರನ್ನು 5 ವೋಲ್ಟಿನ ಫೋನಿಗೆ ಚುಚ್ಚಿದ್ದರು. ಪಿನ್ ಸರಿಯಾಗಿ ಕೂರುತ್ತದೆ, ಅವರದೇನೂ ತಪ್ಪಿಲ್ಲ, ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರದ ಕಪ್ಪು ಪ್ಲಗ್. ಫೋನ್ ಮಾತ್ರ ಹೋಯಿತು. ಈಗ ಪ್ರತಿ ಅಡಾಪ್ಟರ್ ಪಿನ್‌ಗೂ ಅದು ಹೋಗಬೇಕಾದ ಸಾಮಾನಿಗೂ ಒಂದೇ ಬಣ್ಣದ ಟೇಪ್ ಸುತ್ತಿದ್ದೇನೆ, ಐದಕ್ಕೆ ಹಸಿರು, ಹನ್ನೆರಡಕ್ಕೆ ಕೆಂಪು.

ಇನ್ನು ಬಿಡಿಭಾಗ. ಟೇಬಲ್ ಫೋನಿನಲ್ಲಿ ಮೊದಲು ಕೆಡುವುದು ರಿಸೀವರ್‌ನ ಸುರುಳಿ ವೈರ್. ನಮ್ಮ ಆಫೀಸಿನಲ್ಲಿ ಎಲ್ಲರೂ ಅದನ್ನು ಸ್ಪ್ರಿಂಗ್ ವೈರ್ ಅಂತಲೇ ಕರೆಯುತ್ತಾರೆ. ಫೋನ್ ಹಿಡಿದು ಎದ್ದು ಬಿಲ್ಟಿ ಹುಡುಕೋಕೆ ಹೋಗುತ್ತಾರೆ, ಕಿವಿ ಬದಲಾಯಿಸುತ್ತಾರೆ, ಪ್ರತಿ ಸಲವೂ ವೈರ್ ಒಂದು ಸುತ್ತು ತಿರುಚಿಕೊಳ್ಳುತ್ತದೆ. ಕೆಲವು ತಿಂಗಳಾದ ಮೇಲೆ ಪ್ಲಗ್ ಹತ್ತಿರ ಒಳಗಿನ ಎಳೆ ಕಡಿದು ಕರಕರ ಸದ್ದು ಶುರುವಾಗುತ್ತದೆ. ಇದರ ತುದಿಯ ಪ್ಲಗ್‌ಗೆ ಅಂಗಡಿಯಲ್ಲಿ ಆರ್‌ಜೆ9 ಅಂತಾರೆ, ಕೆಲವರು ಆರ್‌ಜೆ22 ಅಂತಾರೆ, ಲೈನ್ ವೈರಿನ ಆರ್‌ಜೆ11ಗಿಂತ ಸಣ್ಣದು. ಆರ್ಡರ್ ಮಾಡುವಾಗ ಮೂರು ಸಂಗತಿ ನೋಡಬೇಕು. ಪಟ್ಟಿಯಲ್ಲಿ 12 ಅಡಿ ಅಂತ ಬರೆದಿದ್ದರೆ ಅದು ಪೂರ್ತಿ ಎಳೆದಾಗಿನ ಉದ್ದ, ಟೇಬಲ್ ಮೇಲೆ ಬಿಟ್ಟಾಗ ಅದು ಎರಡು ಎರಡೂವರೆ ಅಡಿಯಷ್ಟೇ. ಸುರುಳಿ ಇಲ್ಲದ ನೇರ ಬಾಲ ಒಂದು ಕಡೆ ಉದ್ದವಾಗಿರುತ್ತದೆ, ಅದು ಫೋನಿನ ಕಡೆಗೆ ಹೋಗಬೇಕು, ಯಾಕೆಂದರೆ ಫೋನಿನ ಅಡಿಯ ಕಾಲುವೆಯಲ್ಲಿ ಅದು ಕೂರಬೇಕು. ತಿರುಗಿಸಿ ಹಾಕಿದರೆ ಸುರುಳಿ ಆ ಕಾಲುವೆಗೆ ಸಿಕ್ಕಿ ಫೋನ್ ಟೇಬಲ್ ಮೇಲೆ ಅಲ್ಲಾಡುತ್ತದೆ. ಮೂರನೆಯದು ಬಣ್ಣ. ಇದು ಸಣ್ಣ ವಿಷಯ ಅನಿಸಬಹುದು, ಆದರೆ ಕಪ್ಪು ಫೋನಿಗೆ ಬಿಳಿ ವೈರ್ ಬಂದರೆ ಮ್ಯಾನೇಜರ್ ಟೇಬಲ್ ಮೇಲೆ ಇಡುವ ಹಾಗಿಲ್ಲ.

ರಿಸೀವರ್ ತರಿಸುವುದು ಇನ್ನೂ ಹುಷಾರಾಗಿ ಮಾಡಬೇಕಾದ ಕೆಲಸ. ಬುಕಿಂಗ್‌ನಲ್ಲಿ ಒಂದು ರಿಸೀವರ್ ಬಿದ್ದು ಒಡೆಯಿತು, ಬೆಂಗಳೂರಿನ ಒಬ್ಬ ಸಪ್ಲೈಯರ್‌ಗೆ ಹೇಳಿ ತರಿಸಿದೆವು. ಪಾರ್ಟ್ ನಂಬರ್ ಸಮೇತ ಬರೆದು ಕಳಿಸಿದ್ದರೂ ಅವರು ಅದಕ್ಕೆ ಹೊಂದುತ್ತದೆ ಅಂತ ಬೇರೆಯದನ್ನು ಕಳಿಸಿದರು. ವೈರ್ ಕೂತಿತು, ಮಾತು ಸ್ಪಷ್ಟ, ಎಲ್ಲ ಸರಿ ಅನಿಸಿತು. ಮಧ್ಯಾಹ್ನದ ಹೊತ್ತಿಗೆ ಬುಕಿಂಗ್ ಅಕ್ಕಾವ್ರು ಬಂದು, "ಸರ್, ಮಂದಿ ನಮ್ಮ ಫೋನ್ ಬರೇ ಬ್ಯುಸಿ ಬರ್ತದ ಅಂತ ಮೊಬೈಲ್‌ಗೆ ಮಾಡಾಕತ್ತಾರ್ರೀ" ಅಂದರು. ಹೋಗಿ ನೋಡಿದರೆ ರಿಸೀವರ್ ಇಟ್ಟೇ ಇದೆ, ಸ್ಕ್ರೀನ್ ಮೇಲೆ ಮಾತ್ರ ಎತ್ತಿದ ಗುರುತು. ಬೆರಳಿನಿಂದ ಹುಕ್ (ರಿಸೀವರ್ ಇಟ್ಟಾಗ ಒತ್ತಿಕೊಳ್ಳುವ ಗುಂಡಿ) ಒತ್ತಿದೆ, ಗುರುತು ಹೋಯಿತು. ರಿಸೀವರ್ ಮತ್ತೆ ಇಟ್ಟೆ, ಗುರುತು ಬಂತು. ಮೂಲ ರಿಸೀವರ್‌ನ ಕಿವಿಯ ಕಡೆ, ಹುಕ್ ಕೂರುವ ಜಾಗದಲ್ಲಿ ಒಂದು ಸಣ್ಣ ಉಬ್ಬು ಇರುತ್ತದೆ, ಹೊಸದರಲ್ಲಿ ಆ ಜಾಗ ಚಪ್ಪಟೆ. ಹುಕ್ ಪೂರ್ತಿ ಇಳಿಯುತ್ತಲೇ ಇರಲಿಲ್ಲ. ಎರಡನ್ನೂ ಪಕ್ಕ ಪಕ್ಕ ಇಟ್ಟು ಫೋಟೋ ತೆಗೆದು ಸಪ್ಲೈಯರ್‌ಗೆ ಕಳಿಸಿದೆ, ಬದಲಾಯಿಸಿ ಕೊಟ್ಟರು. ಅಲ್ಲಿಂದ ಮುಂದೆ ರಿಸೀವರ್ ಬಂದ ತಕ್ಷಣ ಮಾತಾಡಿ ನೋಡುವುದರ ಜೊತೆಗೆ ಇಟ್ಟೂ ನೋಡುತ್ತೇನೆ.

ಆರ್ಡರ್ ಬರೆಯುವ ರೀತಿಯನ್ನೂ ಆಮೇಲೆ ಗಟ್ಟಿ ಮಾಡಿಕೊಂಡೆ. ಫೋನ್ ಮಗುಚಿ ಅಡಿಯ ಸ್ಟಿಕ್ಕರ್‌ನ ಫೋಟೋ, ಪೂರ್ತಿ ಮಾಡೆಲ್ ನಂಬರ್, ಬೇಕಾದ ಭಾಗದ ಫೋಟೋ, ಬಣ್ಣ, ಎಷ್ಟು ಬೇಕು, "ಇದೇ ಬೇಕು, ಬದಲಿಗೆ ಬೇರೆ ಕಳಿಸುವುದಾದರೆ ಮೊದಲು ಕೇಳಿ" ಅನ್ನುವ ಸಾಲು. ರೇಟು ಜಿಎಸ್‌ಟಿ ಸೇರಿಸಿಯೋ ಸೇರಿಸದೆಯೋ ಅಂತ ಬರವಣಿಗೆಯಲ್ಲೇ ಕೇಳಿ, ಈ ಸಾಮಾನಿಗೆಲ್ಲ 18% ಇದೆ, ಇಪ್ಪತ್ತು ಫೋನಿನ ಲೆಕ್ಕದಲ್ಲಿ ಅದು ಸಣ್ಣ ಮೊತ್ತ ಅಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿ ವೈರ್, ಸ್ಟಾಂಡ್, ಅಡಾಪ್ಟರ್ ಎಲ್ಲ ಸಿಗುತ್ತವೆ, ಆದರೆ ನಿಮ್ಮ ಮಾಡೆಲ್‌ಗೆ ಕೂರುವ ಸ್ಟಾಂಡೇ ಬೇಕಾದರೆ ಹಳೇ ಸ್ಟಾಂಡ್ ಕೈಯಲ್ಲಿ ಹಿಡಿದೇ ಹೋಗಿ. ನಮ್ಮವರೊಬ್ಬರು ಬೆಂಗಳೂರಿಗೆ ಹೋದಾಗ ಹಾಗೇ ತಂದರು, ಸಾಮಾನು ನಮ್ಮದೇ ಗಾಡಿಯಲ್ಲಿ ರಾತ್ರಿ ಹತ್ತಿ ಬೆಳಿಗ್ಗೆ ಬಂತು. ಸ್ಟಾಕ್‌ನಲ್ಲಿ ಯಾವಾಗಲೂ ಇಟ್ಟಿರುವುದು ಒಂದಷ್ಟು ಸುರುಳಿ ವೈರ್, ಒಂದೆರಡು ರಿಸೀವರ್, ಒಂದು ಅಡಾಪ್ಟರ್, ಒಂದೆರಡು ಮೀಟರಿನ ಪ್ಯಾಚ್ ಕಾರ್ಡ್‌ಗಳು (ಎರಡೂ ತುದಿಗೆ ಪ್ಲಗ್ ಇರುವ ನೆಟ್‌ವರ್ಕ್ ಕೇಬಲ್). ಇನ್ನೊಂದು, ಆರ್‌ಜೆ11 ಪ್ಲಗ್ ಇರುವ ಹಳೇ ಲೈನ್ ವೈರ್‌ಗಳನ್ನು ಟೇಬಲ್ ಹತ್ತಿರ ಬಿಡಬೇಡಿ. ನೆಟ್‌ವರ್ಕ್ ಪೋರ್ಟಿಗೆ ಅದು ತೂರುತ್ತದೆ, ಅಂಚಿನ ಪಿನ್‌ಗಳನ್ನು ಒತ್ತಿ ಬಗ್ಗಿಸುತ್ತದೆ, ಆಮೇಲೆ ಆ ಪೋರ್ಟ್ ಒಮ್ಮೆ ಬರುತ್ತದೆ ಒಮ್ಮೆ ಹೋಗುತ್ತದೆ.

ಗೋಡೌನ್ ಫೋನನ್ನು ಗೋಡೆಗೆ ಹಾಕಬೇಕಿತ್ತು. ಗೋಡೆಯ ಬ್ರಾಕೆಟ್ ಬೇರೆಯೇ ತರಿಸಬೇಕಾದ ಸಾಮಾನು, ಅದು ಗೊತ್ತಿದ್ದದ್ದೇ. ಗೊತ್ತಿಲ್ಲದವರಿಗೆ ಒಂದು ಮಾತು: ರಿಸೀವರ್ ಇಡುವ ಜಾಗದ ಮೇಲ್ಭಾಗದಲ್ಲಿ ಉಗುರಿನಷ್ಟು ಪ್ಲಾಸ್ಟಿಕ್ ನಾಲಿಗೆ ಇರುತ್ತದೆ. ಅದನ್ನು ಮೇಲಕ್ಕೆ ಎಳೆದು ತಿರುಗಿಸಿ ಮತ್ತೆ ಒತ್ತಿದರೆ ಅದರ ಕೊಕ್ಕೆ ಹೊರಗೆ ಬರುತ್ತದೆ, ರಿಸೀವರ್ ಅದಕ್ಕೆ ನೇತುಬೀಳುತ್ತದೆ. ಹಾಗೆ ತಿರುಗಿಸದಿದ್ದರೆ ಗೋಡೆಯ ಫೋನಿನ ರಿಸೀವರ್ ಜಾರಿ ಬೀಳುತ್ತಲೇ ಇರುತ್ತದೆ. ಹಮಾಲರ ಮೇಸ್ತ್ರಿ ಈಗ ಚೀಲದ ಲೆಕ್ಕ ಅಲ್ಲಿಂದಲೇ ಹೇಳುತ್ತಾರೆ, ಆವರಣ ದಾಟಿ ಬರುವ ಕೆಲಸ ತಪ್ಪಿತು.

ಸೆಟ್ಟಿಂಗ್ ಕಡೆ ಬರೋಣ. ಒಂದು ಸಣ್ಣ ಪಿಸಿಯಲ್ಲಿ ಇಪಿಎಬಿಎಕ್ಸ್ ಕೆಲಸವನ್ನೇ ಮಾಡುವ ಫ್ರೀಪಿಬಿಎಕ್ಸ್ ಅನ್ನುವ ಸಾಫ್ಟ್‌ವೇರ್ ಹಾಕಿದೆವು. ಪ್ರತಿ ಫೋನಿನ ಮ್ಯಾಕ್ ನಂಬರನ್ನು (ಫ್ಯಾಕ್ಟರಿಯಲ್ಲೇ ಕೊಡುವ ಗುರುತಿನ ನಂಬರ್) ಡಬ್ಬಿ ಬಿಚ್ಚುವ ಮೊದಲೇ ಎಕ್ಸೆಲ್‌ನಲ್ಲಿ ಬರೆದು, ಪಕ್ಕದಲ್ಲಿ ಟೇಬಲ್ ಹೆಸರು, ಎಕ್ಸ್‌ಟೆನ್ಷನ್ (ಆಫೀಸಿನ ಒಳಗಿನ ನಂಬರ್) ಬರೆದೆ. ನೆಟ್‌ವರ್ಕಿನ ಸಾಮಾನುಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿಯ ಆಪ್ಷನ್ 66ರಲ್ಲಿ ಸರ್ವರ್ ವಿಳಾಸ ಕೊಟ್ಟರೆ ಫೋನ್ ಏಳುವಾಗಲೇ ತನ್ನ ಮ್ಯಾಕ್ ಹೆಸರಿನ ಫೈಲ್ ಹುಡುಕಿ ಎಳೆದುಕೊಳ್ಳುತ್ತದೆ, ಪ್ರತಿ ಫೋನಿನ ಮುಂದೆ ಕೂತು ಪಾಸ್‌ವರ್ಡ್ ಒತ್ತುವ ಕೆಲಸ ಇಲ್ಲ. ಟೈಮ್ ಜೋನ್ +5:30 ಕೂಡ ಆ ಫೈಲ್‌ನಲ್ಲೇ ಹೋಗಲಿ. ಫೋನಿನ ಅಡ್ಮಿನ್ ಪಾಸ್‌ವರ್ಡ್ ಕೂಡ ಅಲ್ಲೇ ಬದಲಾಯಿಸಿ, ಫ್ಯಾಕ್ಟರಿಯಿಂದ ಬಂದದ್ದನ್ನು ಹಾಗೇ ಬಿಡಬೇಡಿ.

ಎಕ್ಸ್‌ಟೆನ್ಷನ್ ನಂಬರ್ 101ರಿಂದ ಶುರು ಮಾಡೋಣ ಅಂತ ಎಲ್ಲರೂ ಹೇಳುತ್ತಾರೆ. ನಾನು ಬೇಡ ಅಂದೆ. 100 ಪೊಲೀಸ್, 101 ಅಗ್ನಿಶಾಮಕ, 108 ಆಂಬುಲೆನ್ಸ್, 112 ಎಲ್ಲದಕ್ಕೂ ಸೇರಿದ ತುರ್ತು ನಂಬರ್. ಗೋಡೌನ್‌ನಲ್ಲಿ ಹತ್ತಿ ಅಂಡಿಗೆಗಳಿಗೆ ಬೆಂಕಿ ಬಿದ್ದರೆ 101 ಒತ್ತಿದವರಿಗೆ ರಿಸೆಪ್ಷನ್ ರಿಂಗ್ ಆಗಬಾರದು. ಅದಕ್ಕೇ 201ರಿಂದ ಶುರು ಮಾಡಿದ್ದು. ಈ ನಾಲ್ಕು ನಂಬರ್‌ಗಳು ಹೊರಗಿನ ಲೈನಿನ ಸೊನ್ನೆ ಒತ್ತದೆಯೇ ನೇರವಾಗಿ ಹೋಗುವ ಹಾಗೆ ಮಾಡಿದ್ದೇನೆ. ಇನ್ನು 2021ರ ಜನವರಿ 15ರಿಂದ ಲ್ಯಾಂಡ್‌ಲೈನ್‌ನಿಂದ ಮೊಬೈಲ್‌ಗೆ ಮಾಡಲು ಮುಂದೆ 0 ಬೇಕು. ಜನ ಹತ್ತು ಅಂಕಿಯನ್ನೇ ಒತ್ತುತ್ತಾರೆ, ಹಾಗಾಗಿ 6, 7, 8, 9ರಿಂದ ಶುರುವಾಗುವ ಹತ್ತಂಕಿ ಮೊಬೈಲ್ ನಂಬರಿಗೆ ಸಿಸ್ಟಮ್ ತಾನೇ 0 ಸೇರಿಸಿ ಕಳಿಸುತ್ತದೆ.

ಫೈಬರ್ ಪೆಟ್ಟಿಗೆಯ ಫೋನ್ ಪೋರ್ಟನ್ನು ನಮ್ಮ ಸಿಸ್ಟಮ್‌ಗೆ ಸೇರಿಸುವುದು ಎಫ್‌ಎಕ್ಸ್‌ಒ ಗೇಟ್‌ವೇ ಅನ್ನುವ ಪೆಟ್ಟಿಗೆಯ ಕೆಲಸ. ಎಲ್ಲಕ್ಕಿಂತ ತಲೆ ತಿಂದಿದ್ದು ಇದು. ಗಿರಾಕಿ ಫೋನ್ ಇಟ್ಟರೂ ನಮ್ಮ ಕಡೆ ಲೈನ್ ಬಿಡುತ್ತಿರಲಿಲ್ಲ, ಆ ಲೈನ್ ಮೇಲೆ ಮುಂದಿನ ಕಾಲ್ ಬರುತ್ತಿರಲಿಲ್ಲ. ಆ ಕಡೆಯವರು ಇಟ್ಟರು ಅಂತ ಗೇಟ್‌ವೇಗೆ ಗೊತ್ತಾಗಬೇಕಾದದ್ದು ಬ್ಯುಸಿ ಟೋನ್ ಕೇಳಿ. ಅದರಲ್ಲಿ ಫ್ಯಾಕ್ಟರಿಯಿಂದ ಬಂದದ್ದು ಅಮೆರಿಕದ ಟೋನ್, 480 ಮತ್ತು 620 ಹರ್ಟ್ಸ್ ಸೇರಿ, ಅರ್ಧ ಸೆಕೆಂಡ್ ಸದ್ದು ಅರ್ಧ ಸೆಕೆಂಡ್ ಮೌನ. ನಮ್ಮಲ್ಲಿ ಒಂದೇ 400 ಹರ್ಟ್ಸ್, ಮುಕ್ಕಾಲು ಸೆಕೆಂಡ್ ಸದ್ದು, ಮುಕ್ಕಾಲು ಸೆಕೆಂಡ್ ಮೌನ. ಪರದೇಶದ ಭಾಷೆಯಲ್ಲಿ ಬೈದರೆ ತಿಳಿಯದ ಮನುಷ್ಯನ ಹಾಗೆ ಅದು ಸುಮ್ಮನೆ ಕೂತಿತ್ತು. ನಮ್ಮ ಟೋನಿನ ಅಂಕಿ ತುಂಬಿದ ಮೇಲೆ ಗಿರಾಕಿ ಇಟ್ಟ ಎರಡು ಮೂರು ಸೆಕೆಂಡಿಗೆ ಲೈನ್ ಬಿಡುತ್ತದೆ. ನಿಮ್ಮಲ್ಲೂ ಲೈನ್ ಹಿಡಿದುಕೊಂಡು ಕೂರುತ್ತಿದ್ದರೆ ಮೊದಲು ಈ ಅಂಕಿ ನೋಡಿ, ಆಮೇಲೆ ಬೇರೆ ಕಡೆ ಹುಡುಕಿ.

ಬೆಳಗಾವಿ ಬ್ರಾಂಚಿನವರ ದೂರು ಬೇರೆ. "ಸರ್, ಆ ಕಡೇವ್ರ ದನಿ ನಮಗ ಕೇಳಸ್ತದ, ನಮ್ಮ ದನಿ ಅವರಿಗೆ ಹೋಗವಲ್ದು." ಇಂಥದ್ದು ಬಂದಾಗ ಮೊದಲು ಸ್ಪೀಕರ್ ಒತ್ತಿ ಮಾತಾಡಿಸಬೇಕು. ಸ್ಪೀಕರ್‌ನಲ್ಲಿ ಸರಿಯಿದ್ದರೆ ದೋಷ ಸುರುಳಿ ವೈರಿನಲ್ಲಿ ಅಥವಾ ರಿಸೀವರ್‌ನಲ್ಲಿ, ಮೊದಲು ವೈರ್ ಬದಲಾಯಿಸಿ, ಆಮೇಲೆ ರಿಸೀವರ್. ಸ್ಪೀಕರ್‌ನಲ್ಲೂ ಹಾಗೇ ಇದ್ದರೆ ಫೋನನ್ನು ಬಿಟ್ಟು ನೆಟ್‌ವರ್ಕ್ ನೋಡಿ. ಅವರದ್ದು ಸ್ಪೀಕರ್‌ನಲ್ಲೂ ಹಾಗೇ. ಅಲ್ಲಿನ ರೌಟರ್‌ನಲ್ಲಿ ಸಿಪ್ ಎಎಲ್‌ಜಿ ಅನ್ನುವ ಸೆಟ್ಟಿಂಗ್ ಆನ್ ಇತ್ತು, ಅದು ಕಾಲ್ ಒಳಗಿನ ವಿಳಾಸಗಳನ್ನು ತಾನೇ ತಿದ್ದಿ ಮಾತು ಎಲ್ಲಿಗೋ ಹೋಗುವ ಹಾಗೆ ಮಾಡುತ್ತಿತ್ತು. ಆಫ್ ಮಾಡಿಸಿದೆ, ದನಿ ಬಂತು. ಆಮೇಲೆ ಎರಡೂ ಕಡೆ ವಿಪಿಎನ್ (ಎರಡು ಆಫೀಸುಗಳ ನಡುವಿನ ಖಾಸಗಿ ದಾರಿ) ಹಾಕಿ ಸಿಪ್ ಬಳಸುವ 5060 ಪೋರ್ಟನ್ನು ಇಂಟರ್‌ನೆಟ್‌ಗೆ ತೆರೆದಿಡುವುದನ್ನೇ ನಿಲ್ಲಿಸಿದೆವು. ತೆರೆದಿಟ್ಟರೆ ರಾತ್ರಿಯೆಲ್ಲ ಯಾರ್ಯಾರೋ ಪಾಸ್‌ವರ್ಡ್ ಊಹಿಸುತ್ತಾ ಕೂರುತ್ತಾರೆ, ಸಿಕ್ಕರೆ ಐಎಸ್‌ಡಿ ಬಿಲ್ ನಮ್ಮ ತಲೆ ಮೇಲೆ.

ಈಗ ಬಾಕಿ ಇರುವುದು ಬುಕಿಂಗ್‌ನ ಇಬ್ಬರಿಗೆ ಹೆಡ್‌ಸೆಟ್. ದಿನವಿಡೀ ಕುತ್ತಿಗೆ ಓರೆ ಮಾಡಿ ರಿಸೀವರ್ ಸಿಕ್ಕಿಸಿಕೊಂಡು ಬಿಲ್ಟಿ ಬರೆಯುತ್ತಾರೆ, ಅವರ ಕುತ್ತಿಗೆ ನೋವಿನ ಮಾತು ಕೇಳಿ ಕೇಳಿ ನನಗೇ ಬೇಜಾರಾಗಿದೆ. ಹೆಡ್‌ಸೆಟ್‌ನ ಪ್ಲಗ್ ಕೂಡ ಆರ್‌ಜೆ9, ಆದರೆ ನಾಲ್ಕು ಪಿನ್‌ಗಳಲ್ಲಿ ಮೈಕ್ ಯಾವುದು, ಕಿವಿಯದ್ದು ಯಾವುದು ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಪ್ಲಗ್ ಕೂತ ಮಾತ್ರಕ್ಕೆ ಕೆಲಸ ಮಾಡುತ್ತದೆ ಅಂತಲ್ಲ. ಹಾಗಾಗಿ ಮಧ್ಯದಲ್ಲಿ ಬಿಚ್ಚಿ ಹಾಕಬಹುದಾದ ಕ್ಯೂಡಿ ಜೋಡಣೆ ಇರುವ ಹೆಡ್‌ಸೆಟ್ ನೋಡುತ್ತಿದ್ದೇನೆ, ಅದರ ಕೆಳಗಿನ ವೈರನ್ನು ನಮ್ಮ ಫೋನಿನ ಮಾಡೆಲ್‌ಗೆ ತಕ್ಕಂತೆ ಬೇರೆಯಾಗಿ ಕೊಳ್ಳಬಹುದು, ನಾಳೆ ಫೋನ್ ಬದಲಾದರೂ ಬರೀ ಆ ವೈರ್ ಬದಲಾಯಿಸಿದರೆ ಸಾಕು. ಒಂದು ಸೆಟ್ ಮೊದಲು ತರಿಸಿ ಪೂರ್ತಿ ಒಂದು ದಿನ ಬುಕಿಂಗ್ ಟೇಬಲ್‌ನಲ್ಲಿ ಹಾಕಿ ನೋಡಿ, ಆಮೇಲೆ ಎರಡನೆಯದಕ್ಕೆ ಹೇಳುತ್ತೇನೆ. ಕೊಟೇಷನ್ ಕೇಳಿದ್ದೇನೆ, ಅಡಿಯ ಸ್ಟಿಕ್ಕರ್‌ನ ಫೋಟೋ ಸಮೇತ.